ಸೀಟಿ ಹೊಡೆಯದ ಕುಕ್ಕರ್

ಅಪ್ಪನ ಮೇಲಿನ ಸಾಲಿನ ಹಲ್ಲುಗಳನ್ನೆಲ್ಲ ಕೀಳಿಸಿ ಕಲಬುರಗಿಯಿಂದ ಸೇಡಂಗೆ ಕರೆತಂದ ಮರುದಿನವೇ ನಮ್ಮ ಮನೆಗೆ ಸೇಬುಗಳು ಬರತೊಡಗಿದವು. ಹುಷಾರಿಲ್ಲದವರನ್ನು ಮಾತಾಡಿಸಲು ಬರುವವರು ಬರಿಗೈಯಲ್ಲಿ ಬರಬಾರದು, ಒಪ್ಪಿದೆ. ಆದರೆ ಹಲ್ಲು ಕೀಳಿಸಿಕೊಂಡವನಿಗೆ ಸೇಬು ತರುವುದರ ಹಿಂದಿನ ತರ್ಕವೇನು? ಕೋಡ್ಲಾದ ಸಿಮೆಂಟ್ ಕಾರ್ಖಾನೆಯಲ್ಲಿ ಅಪ್ಪನ ಜೊತೆ ಕೆಲಸ ಮಾಡುವವರು ತಂದರು. ಓಣಿಯವರು ತಂದರು. ವಾಡಿಯಿಂದ ಕಾಕಾ ತಂದ, ತಂದು ನಮ್ಮಲ್ಲೇ ಉಳಿದ. ಬಾಯಿ ತೆರೆಯಲಾರದ ಮನುಷ್ಯನನ್ನು ಮಾತಾಡಿಸಿ, ಕಚ್ಚಲಾರದ ಹಣ್ಣನ್ನು ಅವನ ತಲೆದಿಂಬಿನ ಪಕ್ಕ ಇಟ್ಟು, ಚಹಾ ಕುಡಿದು ಕೂತರು. ಕಾಲೇಜಿನ ಚರ್ಚಾಸ್ಪರ್ಧೆಯಲ್ಲಿ ಯಾರಾದರೂ ಇಂಥದ್ದನ್ನು ಸಮರ್ಥಿಸಲು ನಿಂತಿದ್ದರೆ ಎರಡು ವಾಕ್ಯದಲ್ಲಿ ಕೂರಿಸುತ್ತಿದ್ದೆ. ಇಲ್ಲಿ ಕಪ್ಪುಬಸಿ ತೊಳೆದೆ.

ನನ್ನ ಸಿಟ್ಟಿಗೆ ಬೇರೆ ಕಾರಣವೂ ಇತ್ತು. ಅಪ್ಪ ಊಟ ಬಿಟ್ಟಿದ್ದ. ಖಾಲಿ ಹೊಟ್ಟೆಯಲ್ಲಿ ಗುಳಿಗೆ ನುಂಗಿ, ತಲೆ ತಿರುಗಿ, ಬಚ್ಚಲ ಬಾಗಿಲು ಹಿಡಿದು ಕುಸಿದಿದ್ದ. ಇವತ್ತೂ ತಿನ್ನದಿದ್ದರೆ ನಾಳೆ ಕರೆದುಕೊಂಡು ಬನ್ನಿ, ದಾಖಲು ಮಾಡಿಕೊಂಡು ಸಲೈನ್ ಹಚ್ಚುತ್ತೇವೆ ಎಂದು ಡಾಕ್ಟರು ಫೋನಿನಲ್ಲಿ ಹೇಳಿದ್ದರು. ಅವ್ವ ರವೆ ಗಂಜಿ ಕೊಟ್ಟಳು, ಹಾಲಲ್ಲಿ ನೆನೆಸಿದ ರೊಟ್ಟಿ ಕೊಟ್ಟಳು. ಎಲ್ಲಕ್ಕೂ ಒಂದೇ ಉತ್ತರ: "ಕೂಸಿನ ಊಟ ನನಗ ಬ್ಯಾಡ."

ಹಾಗಾಗಿ ಅಕ್ಕ ತನಗೆ ಬೇಡವೆಂದು ನಮ್ಮ ಮನೆಗೆ ಸಾಗಹಾಕಿದ್ದ ಸ್ಲೋ ಕುಕ್ಕರನ್ನು ಅಟ್ಟದಿಂದ ಇಳಿಸಿ, ಶಹಾಬಾದ್ ಕಲ್ಲಿನ ಕಟ್ಟೆಯ ಮೇಲಿಟ್ಟೆ. ಕರೆಂಟಿನದು, ಒಳಗೆ ದಪ್ಪ ಪಿಂಗಾಣಿ ಪಾತ್ರೆ, ಮೇಲೆ ಗಾಜಿನ ಮುಚ್ಚಳ. ಬಂದ ಸೇಬುಗಳ ಸಿಪ್ಪೆ ತೆಗೆದು, ಹೆಚ್ಚಿ, ಸ್ವಲ್ಪ ನೀರು, ಒಂದು ತುಂಡು ದಾಲ್ಚಿನ್ನಿ ಹಾಕಿ ಹಚ್ಚಿದೆ. ಸಣ್ಣ ಕಾವಿನಲ್ಲಿ ತಾಸುಗಟ್ಟಲೆ ಬೆಂದು ಅದು ತಾನೇ ಕರಗಿ ಆ್ಯಪಲ್‌ಸಾಸ್, ಅಂದರೆ ಸೇಬಿನ ಮೆತ್ತನೆ ಗೊಜ್ಜು, ಆಗಬೇಕು. ನಿಯಮ ಒಂದೇ, ಮುಚ್ಚಳ ತೆಗೆಯಬಾರದು. ತೆಗೆದಷ್ಟು ಸಲ ಕಾವು ಹೊರಟುಹೋಗುತ್ತದೆ.

"ಎಷ್ಟು ಸೀಟಿ ಹೊಡಸಬೇಕು?" ಅವ್ವ ಕೇಳಿದಳು.

"ಇದು ಸೀಟಿ ಹೊಡಿಯಂಗಿಲ್ಲವ್ವಾ."

"ಮತ್ತ ಬೆಂದದ್ದು ಹ್ಯಾಂಗ ಗೊತ್ತಾಗಬೇಕು?"

"ಟೈಮ್ ನೋಡಿ."

"ಟೈಮ್ ಗ್ವಾಡಿ ಮ್ಯಾಲ ಅದ. ಹಣ್ಣ ಒಳಗ ಅದಾವ," ಎಂದು ಮುಚ್ಚಳ ತೆಗೆದು ಇಣುಕಿದಳು.

ಮುಚ್ಚಳ ಕಸಿದು ಮತ್ತೆ ಮುಚ್ಚಿದೆ. ಅವಳು ಅದನ್ನು ತೆಗೆದದ್ದಕ್ಕಿಂತ ಆ ಮಾತಿನಲ್ಲಿದ್ದ ತರ್ಕವೇ ಹೆಚ್ಚು ಉರಿಸಿತು.

ಮಧ್ಯಾಹ್ನ ಚಿಂಚೋಳಿಯಿಂದ ಅಪ್ಪನ ತಂಗಿ, ನನ್ನ ಅತ್ತಿ, ಬಂದಳು. ಕೈಯಲ್ಲಿ ಸೇಬು, ಹೇಳಬೇಕೇ. ಚಪ್ಪಲಿ ಬಿಟ್ಟವಳೇ ನೇರ ಅಡಿಗೆಮನೆಗೆ ನುಗ್ಗಿದಳು.

"ಏನ್ ಇಟ್ಟೀರೇ, ಸಪ್ಪಳನೇ ಇಲ್ಲ?" ಮುಚ್ಚಳ ತೆಗೆದಳು, ಸೌಟು ಹಾಕಿ ತಿರುವಿದಳು.

"ಅತ್ತಿ, ನೀ ನೋಡಿ ನೋಡೇ ಅದು ಬೇಯವಲ್ದು!"

"ನನ್ನ ದೃಷ್ಟಿ ತಾಗ್ಲಿಕತ್ತದೇನು? ನೀ ಅದೆಲ್ಲಾ ನಂಬಂಗಿಲ್ಲಲ್ಲ, ವಕೀಲಮ್ಮಾ!"

ಕಾಕಾ ಪಡಸಾಲೆಯಿಂದ ನಕ್ಕ. ಆಮೇಲೆ ನೀರು ಕುಡಿಯುವ ನೆಪದಲ್ಲಿ ಬಂದು ಅವನೂ ತೆಗೆದ. ಕಾವಿನ ಬಗ್ಗೆ, ಹಬೆಯ ಬಗ್ಗೆ ಕ್ರಮವಾಗಿ ವಿವರಿಸಿದೆ. ಮೂವರೂ ತಾಳ್ಮೆಯಿಂದ ಕೇಳಿದರು. ಕೇಳುತ್ತಲೇ ಅತ್ತಿ ಇನ್ನೊಮ್ಮೆ ತಿರುವಿದಳು. ಒಲೆಯ ಮೇಲಿರುವುದನ್ನು ತಿರುಗಿಯೂ ನೋಡದಿರುವುದು ಅವರ ಕಣ್ಣಿಗೆ ಅಡಿಗೆಯಲ್ಲ, ಬೇಜವಾಬ್ದಾರಿ. ಇದನ್ನು ಯಾವ ಅಂಶದಿಂದ ಖಂಡಿಸುವುದು?

ದೀಪ ಹಚ್ಚುವ ಹೊತ್ತಿಗೆ ಅಂತೂ ಬೆಂದಿತು. ಸೌಟಿನಿಂದ ಕಿವುಚಿ ಆರಲು ಇಟ್ಟೆ. ಕಾಕಾ ಬೆರಳದ್ದಿ ನೆಕ್ಕಿದ.

"ಉಪ್ಪಿಲ್ಲ."

"ಹಣ್ಣಿಗ್ಯಾಕ ಉಪ್ಪ?" ಎಂದೆ.

"ಪ್ಯಾರಲಹಣ್ಣಿಗೆ ಹಚ್ಚಿ ತಿನ್ನಂಗಿಲ್ಲೇನು?"

"ಉಪ್ಪ ಬ್ಯಾಡ, ಯಾಲಕ್ಕಿ ಬೇಕು," ಎಂದಳು ಅತ್ತಿ. ಪೇರಲ ಹಸಿ, ಇದು ಬೆಂದದ್ದು, ಹೋಲಿಕೆಯೇ ತಪ್ಪು ಎಂದು ನಾನು ಕೂಗಿದೆ. ಕಾಕಾ ಇನ್ನೂ ಜೋರಾಗಿ ಕೂಗಿದ.

ಗೋಡೆ ಹಿಡಿದುಕೊಂಡು ಅಪ್ಪ ಬಾಗಿಲಿಗೆ ಬಂದು ನಿಂತಿದ್ದ. "ಏನ್ ಗದ್ಲ ಹಚ್ಚೀರಿ?"

"ಅಣ್ಣಾ, ನೀನೇ ಹೇಳು. ಇದಕ್ಕೇನು ಬೇಕು?" ಅತ್ತಿ ಬಟ್ಟಲು ಮುಂದೆ ಹಿಡಿದಳು.

ಅಪ್ಪ ಒಂದು ಚಮಚ ಬಾಯಿಗಿಟ್ಟ. ಅತ್ತಿತ್ತ ಹೊರಳಿಸಿ ನುಂಗಿದ. "ಉಪ್ಪ ಬೇಕು."

"ಒಂದ ಚಮಚದಾಗ ಅದ್ಹ್ಯಾಂಗ ಗೊತ್ತಾಗ್ತದಪ್ಪಾ?" ಉಪಾಯವೇನಲ್ಲ, ವಾದದ ಚಟಕ್ಕೆ ಬಿದ್ದು ಕೇಳಿದೆ.

ಅವನು ಸಿಟ್ಟಿನಿಂದ ಎರಡನೆಯದು ತಿಂದ. "ಈಗ್ಲೂ ಬೇಕು."

ಸಾಕು, ಅವನೇ ಗೆದ್ದ ಎಂದು ತಿರುಗುವಷ್ಟರಲ್ಲಿ ಅವ್ವ ಹಿಂದಿನಿಂದ ನನ್ನ ಬೆನ್ನು ಚಿವುಟಿದಳು. ಇಷ್ಟು ವರ್ಷ ನನ್ನ ಬಾಯಿ ಮುಚ್ಚಿಸಲು ಚಿವುಟಿದವಳು. ತಿರುಗಿ ನೋಡಿದರೆ ಮುಂದುವರಿಸು ಎಂದು ಕಣ್ಸನ್ನೆ ಮಾಡುತ್ತಿದ್ದಳು. ಮೇಲಿನದು ತಿಂದರೆ ತಳದ್ದು ಗೊತ್ತಾಗದು ಎಂದೆ. ತಳದ್ದು ತಿಂದ. ದಾಲ್ಚಿನ್ನಿ ಹತ್ತಿದ ಕಡೆ ಬೇರೆ ಇರುತ್ತದೆ ಎಂದೆ. ಆ ಕಡೆಯದೂ ತಿಂದ. ಇಷ್ಟು ಕೆಟ್ಟ ವಾದಗಳನ್ನು ನಾನು ವೇದಿಕೆಯ ಮೇಲೆ ಎಂದೂ ಮಂಡಿಸಿಲ್ಲ. ಕಾಕಾ ನನಗೆ ಉತ್ತರ ಕೊಡಲು ಬಾಯಿ ತೆರೆದಾಗಲೆಲ್ಲ ಅತ್ತಿ ಅವನ ಕಾಲು ತುಳಿದಳು.

ಬಟ್ಟಲು ಬರಿದಾಯಿತು.

"ಚೊಲೊ ಆಗಿಲ್ಲ," ಎಂದ ಅಪ್ಪ, ಚಮಚ ನೆಕ್ಕುತ್ತ. "ನಾಳಿಗಿ ಉಪ್ಪ ಹಾಕಿ ಮಾಡು."

ಅವ್ವ ಗುಳಿಗೆ, ನೀರು ತಂದುಕೊಟ್ಟಳು. ಉಪ್ಪಿನ ವಿರುದ್ಧ ನನ್ನ ಬಳಿ ಇನ್ನೂ ಎರಡು ಒಳ್ಳೆಯ ವಾದಗಳಿದ್ದವು. ಹಲ್ಲು ಕಚ್ಚಿ ನುಂಗಿಕೊಂಡೆ.