ಸಿರುಗುಪ್ಪದಲ್ಲಿ ಉಳಿದ ಪ್ರತಿ

ಬಳ್ಳಾರಿಯ ಗಾಂಧಿನಗರದ ಒಂದು ಸ್ಕ್ಯಾನಿಂಗ್ ಸೆಂಟರಿನಲ್ಲಿ ನಾನು ಆರು ವರ್ಷ ಕಂಪ್ಯೂಟರುಗಳನ್ನು ನೋಡಿಕೊಂಡಿದ್ದೆ. ಕುರುಗೋಡು ಮತ್ತು ಸಿರುಗುಪ್ಪದಲ್ಲಿ ಅದರ ಶಾಖೆಗಳಿದ್ದವು. ಮೂರೂ ಊರುಗಳಲ್ಲಿ ತೆಗೆದ ಚಿತ್ರಗಳು ನಮ್ಮ ಸರ್ವರ್ ರೂಮಿನ ಸ್ಟೋರೇಜ್ ಪೆಟ್ಟಿಗೆಗೆ ಬಂದು ಸೇರುತ್ತಿದ್ದವು. ಅದೇ ಹೊತ್ತಿಗೆ ಅವುಗಳ ಇನ್ನೊಂದು ಪ್ರತಿ ನೆಟ್‌ವರ್ಕಿನ ಮೂಲಕ ಸಿರುಗುಪ್ಪದ ಪೆಟ್ಟಿಗೆಯಲ್ಲೂ ಕೂರುತ್ತಿತ್ತು. ಇದಕ್ಕೆ ಮಿರರ್ ಎನ್ನುತ್ತಿದ್ದೆವು. ಇಲ್ಲಿ ಬರೆದದ್ದು ಅಲ್ಲೂ ಬರುತ್ತದೆ, ಇಲ್ಲಿ ಅಳಿಸಿದ್ದು ಅಲ್ಲೂ ಅಳಿಯುತ್ತದೆ. ಎರಡೂ ಕಡೆ ಹೊಂದಿಕೆ ತಪ್ಪದಂತೆ ಕಾಯುವುದೇ ನನ್ನ ಕೆಲಸ. ಅದರಲ್ಲಿ ರಕ್ತ ಹರಿಯುತ್ತದೆ ಎಂದು ಕನಸಿನಲ್ಲೂ ಎಣಿಸಿರಲಿಲ್ಲ.

ಕುರುಗೋಡಿನಲ್ಲಿ ಸ್ಕ್ಯಾನ್ ತೆಗೆಯುತ್ತಿದ್ದವರು ಐವತ್ತು ದಾಟಿದ ಒಬ್ಬ ಟೆಕ್ನಿಷಿಯನ್. ಎಲ್ಲರಿಗೂ ಅವರು ಭಾಯಿ. ಒಂದು ಸಂಜೆ, ಕುಡತಿನಿಯ ವಿದ್ಯುತ್ ಸ್ಥಾವರದಲ್ಲಿ ದುಡಿಯುತ್ತಿದ್ದವನೊಬ್ಬ ಮನೆಗೆ ಮರಳುವಾಗ ಬೈಕಿನಿಂದ ಬಿದ್ದು, ತಲೆ ಒತ್ತಿ ಹಿಡಿದು ಅವರ ಬಳಿ ಬಂದ. ಭಾಯಿ ತಲೆಯ ಸ್ಕ್ಯಾನ್ ತೆಗೆದು ಕಳಿಸಿದರು. ಬಳ್ಳಾರಿಯಲ್ಲಿ ಕೂತು ವರದಿ ಬರೆಯುವವರು ಸೆಂಟರಿನ ಮಾಲೀಕ ಡಾಕ್ಟರು. 'ಏನೂ ತೊಂದರೆ ಇಲ್ಲ' ಎಂಬ ವರದಿ ಹತ್ತು ನಿಮಿಷದಲ್ಲಿ ಬಂತು. ಆತ ಮನೆಗೆ ಹೋಗಿ ಮಲಗಿದ. ಬೆಳಿಗ್ಗೆ ಏಳಲಿಲ್ಲ.

ಸತ್ತವನ ತಮ್ಮ ಡಾಕ್ಟರಿಗೆ ಫೋನ್ ಮಾಡಿದಾಗ, "ಕುರುಗೋಡಿನಾಗ ಚಿತ್ರ ಅದಲುಬದಲು ಮಾಡ್ಯಾರ. ನನಗ ಬೇರೇ ಯಾರದ್ದೋ ಬಂದಿತ್ತು" ಎಂದರಂತೆ. ಅಷ್ಟೇ ಸಾಕಾಯಿತು. ಹತ್ತು ಗಂಟೆಗೆ ಏಳೆಂಟು ಮಂದಿ ಶಾಖೆಗೆ ನುಗ್ಗಿ ಭಾಯಿಯನ್ನು ಕಾಲರ್ ಹಿಡಿದು ರಸ್ತೆಗೆ ಎಳೆದರು. ಕೆಳಗೆ ಬಿದ್ದ ಮೇಲೂ ಒದ್ದರು. ಯಾರೋ ಕಲ್ಲೆತ್ತಿ ಮುಖದ ಮೇಲೆ ಹಾಕಿದರು. ಎಡಗಣ್ಣು ಅಲ್ಲೇ ಹೋಯಿತು.

ಅಲ್ಲಿಂದ ಆ ಗುಂಪು ಟೆಂಪೋ ಹತ್ತಿ ನೇರ ನಮ್ಮಲ್ಲಿಗೆ ಬಂತು. ಮುಂದಿನ ಗಾಜು ಒಡೆದ ಸದ್ದಿಗೆ ನಾನು ಸರ್ವರ್ ರೂಮಿನ ಬಾಗಿಲು ಹಾಕುವಷ್ಟರಲ್ಲಿ ಸತ್ತವನ ತಮ್ಮ ಒಳಗೇ ಇದ್ದ, ಕೈಯಲ್ಲಿ ಕಬ್ಬಿಣದ ರಾಡು.

"ನಮ್ಮಣ್ಣನ ಚಿತ್ರ ಎಲ್ಲೈತಲೇ? ತೋರ್ಸು!"

"ತೋರಿಸ್ತೀನ್ರೀ, ಒಂದ್ ನಿಮಿಷ..." ಎನ್ನುವಾಗಲೇ ರಾಡು ನನ್ನ ಎಡಗೈ ಮೇಲೆ ಬಿತ್ತು. ಮೂಳೆ ಮುರಿದದ್ದು ನೋವಿಗಿಂತ ಮೊದಲು ಕಿವಿಗೆ ಕೇಳಿತು. ಆಮೇಲೆ ಅವನು ಪೆಟ್ಟಿಗೆಯ ಮೇಲೆ ತಿರುಗಿದ. ಬಾಗಿಲು ಕಿತ್ತು, ಡಿಸ್ಕುಗಳನ್ನು ಹೊರಗೆಳೆದು ನೆಲಕ್ಕೆ ಬಡಿದ, ಬಡಿಯುತ್ತ ಅಳುತ್ತಿದ್ದ. ನಾನು ಗೋಡೆಗೆ ನೇತುಹಾಕಿದ್ದ ಬೆಂಕಿ ಆರಿಸುವ ಸಿಲಿಂಡರನ್ನು ಬಲಗೈಯಲ್ಲೇ ಎಳೆದುಕೊಂಡು ಅವನ ತಲೆಗೆ ಹೊಡೆದೆ. ಬಿದ್ದ. ಬಿದ್ದವನಿಗೆ ಇನ್ನೊಮ್ಮೆ ಹೊಡೆದೆ. ಮೊದಲಿನದು ಜೀವಭಯಕ್ಕೆ. ಎರಡನೆಯದು ಬರೀ ರೋಷಕ್ಕೆ. ಹೊಡೆದಾಗ ಒಂದು ಕ್ಷಣ ಹಿತವೆನಿಸಿತ್ತು ಎಂಬುದನ್ನು ಮುಚ್ಚಿಡಲಾರೆ.

ಪೊಲೀಸರು ಬಂದು ಗುಂಪನ್ನು ಹೊರಗೆ ಹಾಕಿ, ಅವನನ್ನು ಆಸ್ಪತ್ರೆಗೆ ಸಾಗಿಸಿದರು. ಡಾಕ್ಟರು ನನ್ನ ಕೈ ಮುಟ್ಟಿ ನೋಡಿ, "ಮುರದೈತಿ, ಅಲ್ಲಾಡಿಸಬ್ಯಾಡ" ಎಂದರು. ಅರ್ಧ ಗಂಟೆಯ ಮೇಲೆ, ಟವೆಲ್ಲಿನಲ್ಲಿ ಕೈ ಕಟ್ಟಿಕೊಂಡು ಆಸ್ಪತ್ರೆಗೆ ಹೊರಟವನು ಸರ್ವರ್ ರೂಮಿನೊಳಗೆ ಇಣುಕಿದೆ. ಸೆಂಟರಿನ ಮ್ಯಾನೇಜರ್, ತುರ್ತಿಗೆಂದು ಇಟ್ಟಿದ್ದ ಬದಲಿ ಪೆಟ್ಟಿಗೆಯನ್ನು ಜೋಡಿಸಿ ಪರದೆಯ ಮುಂದೆ ಕೂತಿದ್ದ. ಡಾಕ್ಟರು ಹಿಂದೆ ನಿಂತಿದ್ದರು. ಮಿರರ್ ಯಾವ ಕಡೆಯಿಂದ ಯಾವ ಕಡೆಗೆ ನಡೆಯಬೇಕು ಎಂದು ಪರದೆ ಕೇಳುತ್ತಿತ್ತು. ಅವನು ಆರಿಸಿದ್ದು ಬಳ್ಳಾರಿಯಿಂದ ಸಿರುಗುಪ್ಪಕ್ಕೆ. ಈ ಪೆಟ್ಟಿಗೆ ಖಾಲಿ. ಒತ್ತಿದರೆ ಸಿರುಗುಪ್ಪದ್ದೂ ಖಾಲಿಯಾಗುತ್ತದೆ.

"ಉಲ್ಟಾ ಐತಿ! ಎಲ್ಲಾ ಅಳಿಸಿ ಹೋಗ್ತದ!" ಎಂದು ಕೂಗಿದೆ.

ಮ್ಯಾನೇಜರ್ ಗಾಬರಿಯಿಂದ ಕೈ ಹಿಂತೆಗೆದ. ಡಾಕ್ಟರು ಬೆಚ್ಚಲಿಲ್ಲ. "ಒತ್ತೋ" ಎಂದರು, ಮೆಲ್ಲಗೆ.

ಆಗ ನನಗೆ ಎಲ್ಲ ಅರ್ಥವಾಯಿತು: ಸತ್ತವನ ಚಿತ್ರ ಎಲ್ಲೂ ಉಳಿಯುವುದೇ ಅವರಿಗೆ ಬೇಡವಾಗಿತ್ತು. ಸಿರುಗುಪ್ಪದ ರಿಸೆಪ್ಶನಿನಲ್ಲಿದ್ದ ಹೆಣ್ಣುಮಗಳಿಗೆ ಫೋನ್ ಹಚ್ಚಿದೆ. "ಅಕ್ಕಾ, ಸ್ಟೋರೇಜಿಗೆ ಬಂದಿರೋ ನೀಲಿ ವೈರ್ ಕಿತ್ತುಬಿಡ್ರಿ."

"ಪೇಷಂಟ್ ಅದಾರ್ರೀ ಸರ್, ಆಮ್ಯಾಲೆ..."

"ಮದ್ಲ ಕೀಳ್ರೀ!"

ಡಾಕ್ಟರು ಬಂದು ನನ್ನ ಮುರಿದ ಕೈಯನ್ನೇ ಹಿಡಿದು ತಿರುವಿದರು. ಯಾವ ಕಡೆ ತಿರುವಿದರೆ ಎಷ್ಟು ನೋಯುತ್ತದೆಂದು ಬಲ್ಲ ಕೈ ಅದು. ಕಣ್ಣಿಗೆ ಕತ್ತಲೆ ಬಂತು, ಫೋನ್ ಬಿತ್ತು. ನೆಲದಿಂದ ಅವಳ ದನಿ ಕೇಳಿಸಿತು: "ಕಿತ್ತೀನ್ರೀ ಸರ್." ಮ್ಯಾನೇಜರ್ ಒತ್ತುವ ಮೊದಲೇ ಪರದೆಯಲ್ಲಿ ಸಂಪರ್ಕ ಕಡಿದಿದೆ ಎಂಬ ಕೆಂಪು ಅಕ್ಷರ ಮೂಡಿತು. ನನ್ನ ಚೀರಾಟಕ್ಕೆ ಹೊರಗಿದ್ದ ಹೆಡ್ ಕಾನ್‌ಸ್ಟೆಬಲ್ ಓಡಿ ಬಂದು ನಮ್ಮಿಬ್ಬರನ್ನು ಬಿಡಿಸಿದರು.

ನಡೆದದ್ದನ್ನು ಅವರಿಗೆ ಹೇಳಿದೆ, ಅವರ ಜೀಪಿನಲ್ಲೇ ಸಿರುಗುಪ್ಪಕ್ಕೆ ಹೋದೆವು. ರಸ್ತೆಯ ಒಂದೊಂದು ಗುಂಡಿಗೂ ನಾನು ಹಲ್ಲು ಕಚ್ಚುತ್ತಿದ್ದೆ. ಅಲ್ಲಿನ ಪ್ರತಿ ಭದ್ರವಾಗಿತ್ತು. ಸತ್ತವನ ಚಿತ್ರ ಅವನದೇ, ಅದಲುಬದಲಾಗಿರಲಿಲ್ಲ. ತಲೆಬುರುಡೆಯೊಳಗೆ ಬಲಬದಿಗೆ, ಸ್ಕ್ಯಾನಿನಲ್ಲಿ ಬೆಳ್ಳಗೆ ಕಾಣುವ ನೆತ್ತರು ಮಡುಗಟ್ಟಿದ್ದು ನನ್ನಂಥವನಿಗೂ ಕಾಣುತ್ತಿತ್ತು. ಕೆಳಗೆ ಭಾಯಿ ಬರೆದಿದ್ದರು: 'ರಕ್ತಸ್ರಾವ ಇರುವಂತಿದೆ, ಕೂಡಲೇ ನೋಡಿ.' ಯಾರು ಯಾವಾಗ ತೆರೆದರು ಎಂಬ ದಾಖಲೆ ನೋಡಿದೆ. ಡಾಕ್ಟರು ಆ ಚಿತ್ರವನ್ನು ತೆರೆದೇ ಇರಲಿಲ್ಲ. ನೋಡದೆಯೇ ವರದಿಗೆ ಸಹಿ ಹಾಕಿದ್ದರು. ಪೊಲೀಸರು ಪ್ರತಿ ತೆಗೆದುಕೊಂಡರು. ಸಂಜೆಯೊಳಗೆ ಡಾಕ್ಟರನ್ನು ಠಾಣೆಗೆ ಕರೆದೊಯ್ದರು, ಸೆಂಟರಿಗೆ ಬೀಗ ಬಿತ್ತು.

ಮೂರನೆಯ ದಿನ ಆಸ್ಪತ್ರೆಯಲ್ಲಿ ನಾನು ಭಾಯಿಯ ಮಂಚದ ಪಕ್ಕ ಕೂತಿದ್ದಾಗ ಆ ತಮ್ಮ ಬಂದ. ಪೊಲೀಸನೊಬ್ಬ ಜೊತೆಗಿದ್ದ. ತಲೆಗೆ ಹೊಲಿಗೆ ಹಾಕಿದ್ದರು. ಮಂಚದ ಕಾಲಕಡೆ ನಿಂತು, "ಚಾಚಾ, ತಪ್ಪಾತ್ರಿ" ಎಂದ.

ಭಾಯಿ ಉಳಿದ ಕಣ್ಣನ್ನು ಅವನ ಕಡೆ ಹೊರಳಿಸಿದರು. ಆಮೇಲೆ, "ಒಂದ್ ಸಲ ಕೇಳಿದ್ರ ನಾನ ಕಂಪ್ಯೂಟರ್ ತಗದು ತೋರಿಸ್ತಿದ್ದೆ. ಒಬ್ಬರೂ ಕೇಳಲಿಲ್ಲ. ಹೋಗಪ್ಪಾ, ನನ್ನ ಮುಂದ ನಿಂದರಬ್ಯಾಡ" ಎಂದರು. ಅವನು ಹೋದ. ಅವನ ಹೊಲಿಗೆಗಳ ಬಗ್ಗೆ ನಾನು ಏನಾದರೂ ಹೇಳಬೇಕಿತ್ತು. ಭಾಯಿಯ ಹೊದಿಕೆ ಸರಿಪಡಿಸುತ್ತ ಕೂತೆ.

ಡಾಕ್ಟರ ಮೇಲೂ, ಆ ಗುಂಪಿನ ಮೇಲೂ ಕೇಸುಗಳು ನಡೆಯುತ್ತಿವೆ. ಆ ತಮ್ಮನ ತಲೆ ಒಡೆದದ್ದಕ್ಕೆ ನನ್ನ ಮೇಲೂ ಒಂದಿದೆ. ಭಾಯಿ ಮತ್ತೆ ಸ್ಕ್ಯಾನ್ ಕೋಣೆಗೆ ಕಾಲಿಡಲಿಲ್ಲ. ಕಳೆದ ಬಾರಿ ಕೋರ್ಟಿನಲ್ಲಿ ಎಷ್ಟು ಏಟು ಹೊಡೆದಿರಿ ಎಂದು ಕೇಳಿದರು. ಒಂದೇ ಎಂದು ಹೇಳುವಂತೆ ವಕೀಲರು ಹೊರಗೇ ಹೇಳಿಕೊಟ್ಟಿದ್ದರು. ನಾನು ಎರಡು ಎಂದೆ.