ಹಾಲಮ್ಮನ ಫೋಟೊ, ನನ್ನ ರೇಷ್ಮೆ ಸೀರೆ

ಬಡತನವನ್ನು ಎಷ್ಟು ಮುಚ್ಚಿಟ್ಟರೂ ಕಣ್ಣಿಗೆ ಕಂಡೇ ಕಾಣುತ್ತದೆ ಎಂಬಂಥ ಸಾಲೊಂದನ್ನು ಎಲ್ಲೋ ಓದಿದ್ದೆ, ಪೂರ್ತಿ ನೆನಪಿಲ್ಲ. ಬರೆದವರು ಯಾರೇ ಇರಲಿ, ನಮ್ಮ ಪಂಚಾಯಿತಿಗೆ ಬಂದಿರಲಿಕ್ಕಿಲ್ಲ ಗೆಳೆಯರೇ.

ಪಂಚಾಯಿತಿಯೂ ಮಹಿಳಾ ಸಂಘವೂ ಸೇರಿ ಪಕ್ಕದ ಮನೆಯ ಹಾಲಮ್ಮನಿಗೆ ಇವತ್ತು ರೊಟ್ಟಿ ಮಾಡುವ ಯಂತ್ರ ಕೊಡುವುದಿತ್ತು. ಯಂತ್ರ ಬಂದರೆ ಅವಳಿಗೆ ಕೂಲಿಗೆ ಹೋಗುವುದು ತಪ್ಪುತ್ತದೆ. ತ್ಯಾವಣಿಗೆಯ ಹೋಟೆಲಿನವರು ಆಗಲೇ ರೊಟ್ಟಿ ಕೇಳಿದ್ದಾರೆ. ಊರ ಮುಂದೆ ಫೋಟೊ ತೆಗೆಯುತ್ತಾರೆಂದು ಹಾಲಮ್ಮ ನನ್ನ ರೇಷ್ಮೆ ಸೀರೆ ಕೇಳಿ ಪಡೆದು ಉಟ್ಟು, ತಲೆತುಂಬ ಮಲ್ಲಿಗೆ ಮುಡಿದು ಬಂದಳು. ಪಂಚಾಯಿತಿ ಅಧ್ಯಕ್ಷೆ ಕಳೆ ಕೀಳುತ್ತಿದ್ದ ಗದ್ದೆಯಿಂದ ನೇರವಾಗಿ ಬಂದಿದ್ದರು, ಸೆರಗಿಗೆಲ್ಲ ಕೆಸರು.

ಮೊಬೈಲ್ ಹಿಡಿದ ಗುಮಾಸ್ತ ತಲೆ ಚಚ್ಚಿಕೊಂಡ. "ಈ ಫೋಟೊ ಮೇಲಿನ ಆಫೀಸಿಗೆ ಕಳಿಸಿದ್ರೆ ಅಧ್ಯಕ್ಷರಿಗೇ ಯಂತ್ರ ಮಂಜೂರಾಗ್ತೈತೆ. ಹಾಲಮ್ಮಾ, ಸ್ವಲ್ಪ ಬಡವರಂಗೆ ನಿಂತ್ಕೊಳ್ರಿ."

"ಅದು ಹೆಂಗೆ ನಿಂತ್ಕಬೇಕ್ರೀ? ನಾನು ಯಂತ್ರ ಕೇಳಿದ್ದು ರೊಟ್ಟಿ ಮಾಡಾಕೆ, ಅಳಾಕಲ್ಲ!"

ಅಧ್ಯಕ್ಷೆ ನಕ್ಕು ನಕ್ಕು ಕುರ್ಚಿ ಹಿಡಿದುಕೊಂಡರು. ಗುಮಾಸ್ತ ಮಾತ್ರ ಕರಗಲಿಲ್ಲ. ಹಾಲಮ್ಮನ ಹೂವು ತೆಗೆಸಿದ, ನಗಬೇಡಿ ಎಂದ. ಸೀರೆಯ ಜರಿ ಹೊಳೆಯುತ್ತಲೇ ಇತ್ತು. ಕೊನೆಗೆ ಯಂತ್ರವನ್ನು ಒಳಗಿಟ್ಟು ಬೀಗ ಹಾಕಿ, ನಾಳೆ ಬೇರೆ ಸೀರೆ ಉಟ್ಟು ಬರಲು ಹೇಳಿದ.

ಸಂಜೆ ಹಾಲಮ್ಮ ನನ್ನ ಬಾಗಿಲಿಗೆ ಬಂದಳು. ರೇಷ್ಮೆ ಸೀರೆಯನ್ನು ಮಡಿಸಿ ನನ್ನ ಕೈಗಿಟ್ಟು, ನನ್ನನ್ನು ಮೇಲಿಂದ ಕೆಳಗೆ ನೋಡಿದಳು.

"ಅಕ್ಕಾ, ನನ್ನ ಸೀರೆ ಎಲ್ಲಾ ಚೆನ್ನಾಗೇ ಅದಾವೆ. ನಾಳೆಗೆ ನೀವು ಈಗ ಉಟ್ಟಿರೋದನ್ನ ಕೊಡ್ರಿ."