ಕ್ರಿಬ್ರಿಫಾರ್ಮ್ ಎಂದರೆ ಸಾಣಿಗಿ

ಎಂಬತ್ತರ ದಶಕದ ಆರಂಭದಲ್ಲಿ ನಾನು ರಾಯಚೂರಿನ ಕಾಲೇಜಿನಲ್ಲಿ ಬಿಎಸ್ಸಿ ಓದುತ್ತಿದ್ದೆ. ಹೈಸ್ಕೂಲು ಮುಗಿಯುವ ತನಕ ಬರೀ ಕನ್ನಡದಲ್ಲೇ ಕಲಿತವಳಿಗೆ ಜೀವಶಾಸ್ತ್ರದ ಒಂದೊಂದು ಪದವೂ ಕಬ್ಬಿಣದ ಕಡಲೆ. ಒಂದು ದಿನ ನಮ್ಮ ಸರ್ ಕೆರೆನೀರಿನ ಹನಿಯನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ತೋರಿಸಿದರು. ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ, ಅದಕ್ಕೊಂದು ಗಾಜಿನಂಥ ಚಿಪ್ಪು, ಚಿಪ್ಪಿನ ತುಂಬ ಸಾಲು ಸಾಲು ತೂತು. "ಇಂಥದ್ದಕ್ಕೆ ಕ್ರಿಬ್ರಿಫಾರ್ಮ್ ಅಂತಾರೆ, ಜರಡಿಯಂಥದ್ದು" ಎಂದು ಬೋರ್ಡಿನ ಮೇಲೆ ಬರೆದರು.

"ನಮ್ಮ ಸಾಣಿಗಿ ಬೇ" ಎಂದು ಪಕ್ಕದಲ್ಲಿದ್ದ ಗೆಳತಿಗೆ ಪಿಸುಗುಟ್ಟಿದೆ. ಅವಳು ಮಾನ್ವಿಯವಳು, ಮನೆಯಲ್ಲಿ ದಖನಿ ಮಾತಾಡುವವಳು. "ಅಯ್ಯೋ ಅಲ್ಲಾ! ಛಲ್ನೀ ಅಂದಿದ್ರ ಸಾಕಾಗ್ತಿತ್ತಲ್ಲ, ಅದಕ್ಕ ಇಷ್ಟುದ್ದ ಹೆಸರು ಯಾಕ?" ಎಂದಳು. ಇಬ್ಬರೂ ನಕ್ಕು ಬೈಸಿಕೊಂಡೆವು.

ಅದೇ ಹನಿಯಲ್ಲಿ ನೀರುಚಿಗಟವೊಂದು ಕುಪ್ಪಳಿಸುತ್ತಿತ್ತು. ನಾರುಹುಣ್ಣಿನ ಹುಳದ ಮರಿ ಇಂಥದ್ದರ ಹೊಟ್ಟೆಯಲ್ಲಿರುತ್ತದೆ, ನೀರಿನ ಜೊತೆ ನಮ್ಮೊಳಗೆ ಹೋಗುತ್ತದೆ, ದಪ್ಪ ಬಟ್ಟೆಯಲ್ಲಿ ಸೋಸಿದರೆ ಸಾಕು, ತಡೆಯಬಹುದು ಎಂದರು ಸರ್. ನನ್ನ ನಗು ಅಲ್ಲಿಗೇ ನಿಂತಿತು. ದೇವದುರ್ಗದ ಹತ್ತಿರದ ನಮ್ಮೂರಲ್ಲಿ ಎಲ್ಲರೂ ಮೆಟ್ಟಿಲುಬಾವಿಗೆ ಇಳಿದೇ ನೀರು ತರುತ್ತಿದ್ದರು. ನಮ್ಮವ್ವನ ಕಾಲಿನಿಂದ ಬೇಸಿಗೆ ಬೇಸಿಗೆಗೂ ಬಿಳಿ ದಾರದಂಥ ಹುಳ ಹೊರಗೆ ಬರುತ್ತಿತ್ತು. ಅದನ್ನು ಕಡ್ಡಿಗೆ ಸುತ್ತಿ, ದಿನಾ ಇಷ್ಟಿಷ್ಟೇ ಎಳೆಯುತ್ತ, ಹಲ್ಲು ಕಚ್ಚಿಕೊಂಡು ಕೂಡುತ್ತಿದ್ದಳು.

ಊರಿಗೆ ಹೋದವಳೇ, ಚೀಲವನ್ನೂ ಕೆಳಗಿಡದೆ, ನೀರು ಸೋಸಿ ಕುಡಿಯಬೇಕೆಂದು ಶುರುಮಾಡಿದೆ. ಅವ್ವ ಗೂಟದ ಕಡೆ ಕೈತೋರಿಸಿ, "ಸೋಸ್ತೀವಲ್ಲ!" ಎಂದಳು. ಗೂಟಕ್ಕೆ ಬಿಳಿ ಬಟ್ಟೆಯೊಂದು ತೂಗುತ್ತಿತ್ತು. ಒಳ್ಳೆಯ ದಪ್ಪ ಮಗ್ಗದ ಬಟ್ಟೆ, ಅಜ್ಜಿಯ ಕಾಲದಿಂದಲೂ ನಮ್ಮಲ್ಲಿ ಅಂಥದ್ದೊಂದು ಇದ್ದೇ ಇತ್ತು. ಅವ್ವ ದಿನಾ ಲಿಂಗಪೂಜೆಯ ನೀರನ್ನು ಅದರಲ್ಲಿ ಸೋಸುತ್ತಿದ್ದಳು. ನಾವು ಕುಡಿಯುವ ಗಡಿಗೆಯ ನೀರು ಮಾತ್ರ ಬಾವಿಯಿಂದ ಬಂದದ್ದು ಬಂದ ಹಾಗೆಯೇ.

"ಅದರಾಗ ಗಡಿಗಿ ನೀರೂ ಸೋಸಬೇ ಯವ್ವಾ!"

"ಹುಚ್ಚೀ, ಅದು ಲಿಂಗದ ಅರಿವಿ. ನಮ್ಮ ಎಂಜಲ ಬಾಯಿಗೆ ತರಬಾರದು."

ಸಿಟ್ಟು ನೆತ್ತಿಗೇರಿತು. ಅಲ್ಲ, ಕಲ್ಲಿನ ಲಿಂಗಕ್ಕೆ ನಾರುಹುಣ್ಣು ಏಳುತ್ತದೆಯೇ? ಆ ಮಾತು ಬಾಯಿಗೆ ಬಂದಿತ್ತು, ನುಂಗಿಕೊಂಡೆ. ದೇವದುರ್ಗದ ಸಂತೆಗೆ ಹೋಗಿ ಅಂಥದ್ದೇ ಬಟ್ಟೆ ತಂದು ಗಡಿಗೆಯ ಬಾಯಿಗೆ ಕಟ್ಟಿದೆ. ಹಾಳೂರಿಗೆ ಉಳಿದವನೇ ಗೌಡ ಅನ್ನುವ ಹಾಗೆ ನಮ್ಮ ಮನೆಯಲ್ಲಿ ಓದಿದವಳು ನಾನೊಬ್ಬಳೇ, ಅವ್ವ ಒಪ್ಪಿದಳು. ಪಾಪ, ನಿಷ್ಠೆಯಿಂದ ಸೋಸಿದಳು. ನೆರೆಯವರು ನಕ್ಕರೆ, "ನನ್ನ ಮಗಳು ಹೇಳ್ಯಾಳ" ಎನ್ನುತ್ತಿದ್ದಳು.

ಆದರೆ ಆ ಹುಳಕ್ಕೊಂದು ದರಿದ್ರ ಗುಣವಿದೆ. ಹೋದ ವರ್ಷ ಕುಡಿದ ನೀರಿನದು ಈ ವರ್ಷ ಹೊರಗೆ ಬರುತ್ತದೆ. ಬಟ್ಟೆ ಕಟ್ಟಿ ಕೆಲವು ತಿಂಗಳು ಕಳೆದಿದ್ದವು, ಅಷ್ಟೆ. ಅವ್ವನ ಬಲಮೊಣಕಾಲು ಉರಿಯತೊಡಗಿ, ಬೊಬ್ಬೆ ಎದ್ದು, ಒಡೆದು, ದಾರ ಇಣುಕಿತು.

"ಸೋಸಿದ್ರೂ ಬಂತಲ್ಲs!" ಎಂದಳು ಅವ್ವ, ನನ್ನನ್ನೇ ನೋಡುತ್ತ.

"ಇದು ಹ್ವಾದ ವರ್ಷದ್ದು ಯವ್ವಾ. ಮುಂದಿನ ವರ್ಷ ಬರೂದಿಲ್ಲ, ನಿನ್ನ ಕಾಲು ಬೀಳ್ತೀನಿ, ಬಿಡಬ್ಯಾಡ."

ಬಾಜು ಮನೆಯ ಮುದುಕಿ ಕಿಸಕ್ಕನೆ ನಕ್ಕಳು. "ಓದಿ ಓದಿ ಮರುಳಾದ ಕೂಚುಭಟ್ಟ ಅಂದಂಗಾತು. ಹ್ವಾದ ವರ್ಷದ ನೀರು ಈಗ ಬರ್ತದಂತ!" ಆ ಮುದುಕಿಯ ಬಾಯಿಗೆ ಮಣ್ಣು ಹಾಕಬೇಕು ಅನ್ನಿಸಿತ್ತು ನನಗೆ. ಆದರೆ ಅವ್ವ ನಂಬಿದ್ದು ಅವಳ ಮಾತನ್ನೇ. ನಾನು ರಾಯಚೂರಿಗೆ ಹೋಗಿ ಮತ್ತೆ ಬರುವಷ್ಟರಲ್ಲಿ ನನ್ನ ಬಟ್ಟೆ ಒಲೆಯ ಪಕ್ಕ ಮಸಿಅರಿವೆಯಾಗಿ ಬಿದ್ದಿತ್ತು.

ಅಷ್ಟರಲ್ಲಿ ಇನ್ನೊಂದೂ ಆಗಿಹೋಗಿತ್ತು. ನೀರು ತರಲು ಬಾವಿಗೆ ಇಳಿಯುವಾಗ, ಮೊಣಕಾಲಿಗೆ ಕಟ್ಟಿಕೊಂಡಿದ್ದ ಕಡ್ಡಿ ಸೀರೆಗೆ ಸಿಕ್ಕಿ, ಹುಳ ಒಳಗೇ ಹರಿದಿತ್ತು. ಕಾಲು ಬಾತು ಕೀವಾಯಿತು. ಎತ್ತಿನ ಗಾಡಿಯಲ್ಲಿ ದೇವದುರ್ಗದ ದವಾಖಾನೆಗೆ ಕರೆದೊಯ್ದೆವು. ಕೀವು ತೆಗೆದ ಡಾಕ್ಟರು, "ಕೀಲು ಹಿಡಕೊಂಡುಬಿಟ್ಟದ. ಇನ್ನ ಈ ಕಾಲು ಮಡಚೂದಿಲ್ಲ" ಎಂದರು. ದಾರಿಯುದ್ದಕ್ಕೂ ನಾನು ಅತ್ತೆ. ಅವ್ವ ಅಳಲಿಲ್ಲ.

ಅವಳು ಅತ್ತದ್ದು ಮರುದಿನ ಬೆಳಗಿನ ಪೂಜೆಗೆ ಕೂತಾಗ. ಅಂಗೈಯಲ್ಲಿ ಲಿಂಗ ಹಿಡಿದಿದ್ದಾಳೆ, ಬಲಗಾಲು ಕೊರಡಿನಂತೆ ಮುಂದಕ್ಕೆ ಚಾಚಿದೆ. "ನಿನ್ನ ಮುಂದ ಕಾಲು ಚಾಚಿ ಕುಂತೀನಲ್ಲೋ ಶಿವನs!" ಎಂದು ಗೋಳೋ ಎಂದು ಅತ್ತಳು.

ಪೂಜೆಯ ನೀರು ಸೋಸಿಕೊಡು ಎಂದಳು. ಗೂಟದ ಬಟ್ಟೆ ಇಳಿಸಿ ಸೋಸಿದೆ. ಬಟ್ಟೆಯ ಮೇಲೆ ಸಣ್ಣ ಸಣ್ಣ ಚುಕ್ಕಿಗಳು ಮಿಸುಕಾಡುತ್ತಿದ್ದವು, ತಂಬಿಗೆಯ ನೀರು ತಿಳಿಯಾಗಿತ್ತು. ಪೂಜೆ ಮುಗಿಯಿತು. ಅತ್ತು ಅತ್ತು ಅವಳ ಗಂಟಲು ಒಣಗಿತ್ತು. ತಂಬಿಗೆಯಲ್ಲಿ ಉಳಿದ ನೀರನ್ನು ಅವಳ ಮುಂದೆ ಹಿಡಿದೆ.

"ಇದನ್ನs ಕುಡಿಬೇ ಯವ್ವಾ. ಸೋಸಿದ್ದದ."

"ಅದು ಆ ಶಿವಂದು. ಗಿಡಕ್ಕ ಹಾಕು" ಎಂದಳು. ಕೂತಲ್ಲಿಂದಲೇ ಕೈಚಾಚಿ ಗಡಿಗೆಯಲ್ಲಿ ಲೋಟ ಅದ್ದಿ, ನಾನು ಬೇಡ ಬೇಡ ಅನ್ನುತ್ತಿದ್ದಂತೆಯೇ ಗಟಗಟ ಕುಡಿದುಬಿಟ್ಟಳು.